ಸಂಖ್ಯೆಯಿಲ್ಲದ ಬಂದೂಕಿನ ಕಾಲನಿರ್ಣಯ: ಬೆಳಗಾವಿ ಕ್ಯಾಂಪಿನ ಒಂದು ದುರಸ್ತಿ ಅಂಗಡಿಯ ಸೇವೆ

ಬೆಳಗಾವಿಯ ಕ್ಯಾಂಪ್ ಪ್ರದೇಶದಲ್ಲಿ ಬಹುಕಾಲದಿಂದ ನಡೆದುಬಂದಿರುವ, ಪರವಾನಗಿ ಪಡೆದ ಬಂದೂಕು ಮಾರಾಟ ಮತ್ತು ದುರಸ್ತಿಯ ಅಂಗಡಿಯೊಂದಿದೆ. ತಯಾರಕರ ಹೆಸರಾಗಲಿ ಕ್ರಮಸಂಖ್ಯೆಯಾಗಲಿ ಕಾಣದ ಹಳೆಯ ಬಂದೂಕುಗಳನ್ನು ಪರಿಶೀಲಿಸಿ, ಅವು ಎಲ್ಲಿ ತಯಾರಾದವು, ಯಾವ ಕಾಲದವು ಎಂಬುದನ್ನು ಲಿಖಿತ ವರದಿಯಾಗಿ ಕೊಡುವ ಕೆಲಸವನ್ನೂ ಅಲ್ಲಿ ಮಾಡುತ್ತಾರೆ. ನಮ್ಮ ಮನೆಯ ಜೋಡುನಳಿಗೆ ಬಂದೂಕು ಮತ್ತು ಖಾನಾಪುರ ತಾಲ್ಲೂಕಿನಲ್ಲಿ ಬೇಸಾಯ ಮಾಡುವ ಸೋದರಮಾವನ ಕೇಪಿನ ಬಂದೂಕು (ಸಿಡಿಮದ್ದಿನ ಚಿಕ್ಕ ಟೋಪಿಯನ್ನು ಹೊಡೆದು ಹಾರಿಸುವಂಥದು), ಎರಡನ್ನೂ ಅಲ್ಲಿ ಪರಿಶೀಲನೆಗೆ ಕೊಟ್ಟಿದ್ದೆವು. ಆ ಅನುಭವದ ಆಧಾರದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಆಯುಧಗಳು ಬಂದುಹೋಗುವ ಸ್ಥಳವಾದ್ದರಿಂದ ಹೆಸರು, ವಿಳಾಸಗಳನ್ನು ಬರೆಯಬಾರದೆಂದು ಅಂಗಡಿಯವರು ಕೇಳಿಕೊಂಡಿದ್ದಾರೆ. ಪರವಾನಗಿ ಇರುವವರಿಗೆ ಅದನ್ನು ಹುಡುಕುವುದು ಕಷ್ಟವಾಗಲಾರದು.

ಇಂಥ ಸೇವೆ ಯಾರಿಗೆ ಬೇಕಾಗುತ್ತದೆ ಎಂದು ಕೇಳುವವರಿಗೆ ಮೊದಲು ಕಾನೂನಿನ ಮಾತು ಹೇಳಬೇಕು. 1959ರ ಆಯುಧ ಕಾಯಿದೆ 1962ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ತಯಾರಕರ ಹೆಸರು, ತಯಾರಿಕೆಯ ಸಂಖ್ಯೆ ಅಥವಾ ಅಂಗೀಕೃತವಾದ ಬೇರೆ ಗುರುತು ಇಲ್ಲದ ಬಂದೂಕನ್ನು ಮಾರುವುದನ್ನೂ ವರ್ಗಾಯಿಸುವುದನ್ನೂ ಅದರ 8ನೆಯ ಕಲಮು ನಿಷೇಧಿಸುತ್ತದೆ. ಅಷ್ಟೇ ಅಲ್ಲ, ಗುರುತಿಲ್ಲದ ಬಂದೂಕು ಯಾರ ವಶದಲ್ಲಿದೆಯೋ ಅವರೇ ಅದನ್ನು ಅಳಿಸಿದ್ದಾರೆಂದು, ಹಾಗಲ್ಲವೆಂದು ಅವರು ಸಾಬೀತುಪಡಿಸುವವರೆಗೆ, ಭಾವಿಸಿಕೊಳ್ಳಲು ಅದೇ ಕಲಮು ಅವಕಾಶ ಕೊಡುತ್ತದೆ. ಅಜ್ಜನ ಕಾಲದಿಂದ ಮನೆಯಲ್ಲಿದ್ದ ಬಂದೂಕನ್ನು ವಾರಸುದಾರರಾಗಿ ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಹೋದವರು, ಅರ್ಜಿಯ ನಮೂನೆಯಲ್ಲಿ ‘ಸಂಖ್ಯೆ’ ಎಂಬ ಖಾನೆಯ ಮುಂದೆ ನಿಂತು ಗಾಬರಿಯಾಗುವುದು ಇದೇ ಕಾರಣಕ್ಕೆ. ಹುಟ್ಟಿನಿಂದಲೇ ಸಂಖ್ಯೆಯಿಲ್ಲದ ಬಂದೂಕು ಬೇರೆ, ಸಂಖ್ಯೆಯನ್ನು ಯಾರೋ ಉಜ್ಜಿ ತೆಗೆದ ಬಂದೂಕು ಬೇರೆ. ಈ ಎರಡರ ವ್ಯತ್ಯಾಸವನ್ನು ಲೋಹವನ್ನೇ ನೋಡಿ, ಕಾರಣಸಹಿತವಾಗಿ ಬರೆದುಕೊಡಬಲ್ಲವರು ನಮ್ಮ ಭಾಗದಲ್ಲಿ ತೀರ ವಿರಳ.

ನಮ್ಮ ತಂದೆಯವರು ತೀರಿಕೊಂಡ ನಂತರ ಅವರ ಬಂದೂಕನ್ನು ಕಾಯಿದೆಯಂತೆ ಇದೇ ಅಂಗಡಿಯಲ್ಲಿ ಠೇವಣಿ ಇಟ್ಟಿದ್ದೆವು. ಅವರ ಪರವಾನಗಿ ಪುಸ್ತಕದಲ್ಲಿ ‘12 ಬೋರ್, ಡಿ.ಬಿ.ಬಿ.ಎಲ್., ನಂ. 184’ ಎಂದು ನಮೂದಾಗಿತ್ತು (ಡಿ.ಬಿ.ಬಿ.ಎಲ್. ಎಂದರೆ ಬುಡದಿಂದ ತೋಟಾ ತುಂಬುವ ಜೋಡುನಳಿಗೆ ಬಂದೂಕು). ಆದರೆ ಬಂದೂಕಿನ ಮೇಲೆ ಹೊರಗಿನಿಂದ ನೋಡಿದರೆ ಎಲ್ಲಿಯೂ 184 ಎಂಬ ಸಂಖ್ಯೆ ಕಾಣುತ್ತಿರಲಿಲ್ಲ. ಎರಡು ನಳಿಗೆಗಳ ನಡುವಿನ ಪಟ್ಟಿಯ ಮೇಲೆ ‘ಲಂಡನ್ ಫೈನ್ ಟ್ವಿಸ್ಟ್’ ಎಂಬ ಅಕ್ಷರಗಳು ಮಾತ್ರ ಅರ್ಧಂಬರ್ಧ ಉಳಿದಿದ್ದವು. ಆ ಅಕ್ಷರಗಳ ಬಲದಿಂದಲೇ ಅದು ಇಂಗ್ಲೆಂಡಿನಲ್ಲಿ ತಯಾರಾದ ಬಂದೂಕೆಂಬ ನಂಬಿಕೆ ಮನೆಯಲ್ಲಿ ತಲೆಮಾರುಗಳಿಂದ ಬೇರೂರಿತ್ತು.

ಅಂಗಡಿಯ ಹಿರಿಯ ಮಿಸ್ತ್ರಿಯವರು ಆ ಪಟ್ಟಿಯ ಕಡೆ ಮೊದಲು ನೋಡಲೇ ಇಲ್ಲ. ಮುಂಭಾಗದ ಹಿಡಿಮರವನ್ನು ಕಳಚಿ, ನಳಿಗೆಗಳನ್ನು ಬೇರ್ಪಡಿಸಿ, ಬೋರಲು ಹಾಕಿ, ತೋಟಾ ಕೂರುವ ಕಡೆಯ ಚಪ್ಪಟೆ ಭಾಗವನ್ನು ಮೇಜಿನ ದೀಪದ ಓರೆಬೆಳಕಿಗೆ ಹಿಡಿದರು. ನಿಜವಾದ ದಾಖಲೆ ಇರುವುದು ಅಲ್ಲಿ. ಕೈ ತಾಗದ, ಬಿಸಿಲು ಮಳೆ ಕಾಣದ ಜಾಗವಾದ್ದರಿಂದ ಹೊರಮೈಯೆಲ್ಲ ಸವೆದ ಬಂದೂಕಿನಲ್ಲಿಯೂ ಅಲ್ಲಿನ ಮುದ್ರೆಗಳು ಬಹುಮಟ್ಟಿಗೆ ಉಳಿದಿರುತ್ತವೆ. ಬೆಳಕು ನೇರವಾಗಿ ಬಿದ್ದರೆ ಏನೂ ಕಾಣದು; ದೀಪವನ್ನು ಲೋಹದ ಮಟ್ಟಕ್ಕೆ ಇಳಿಸಿ ಸುತ್ತಲೂ ಸರಿಸುತ್ತಾ ಹೋದಾಗ ತಗ್ಗುಗಳಲ್ಲಿ ನೆರಳು ತುಂಬಿ ಒಂದೊಂದೇ ಗುರುತು ಎದ್ದುಬರುತ್ತದೆ. ನಮ್ಮ ಬಂದೂಕಿನಲ್ಲಿ ಹೀಗೆ ಮೊದಲು ಎದ್ದುಬಂದದ್ದು ಅಂಡಾಕಾರದೊಳಗೆ ಇ.ಎಲ್.ಜಿ. ಎಂಬ ಮೂರು ಅಕ್ಷರಗಳು ಮತ್ತು ಅದರ ಮೇಲೊಂದು ಕಿರೀಟ.

ಇದು ಬೆಲ್ಜಿಯಂ ದೇಶದ ಲಿಯೇಜ್ ನಗರದ ಪರೀಕ್ಷಾಗೃಹದ ಮುದ್ರೆ. ಯೂರೋಪಿನ ಬಂದೂಕು ತಯಾರಿಕೆಯ ದೊಡ್ಡ ಕೇಂದ್ರಗಳಲ್ಲಿ ನಳಿಗೆಯೊಳಗೆ ವಾಡಿಕೆಗಿಂತ ಹೆಚ್ಚಿನ ಮದ್ದು ತುಂಬಿ ಹಾರಿಸಿ, ಅದು ತಡೆದುಕೊಂಡರೆ ಮಾತ್ರ ಮುದ್ರೆ ಒತ್ತುವ ಪದ್ಧತಿ ಬಹಳ ಹಿಂದಿನಿಂದ ಇದೆ. ಲಂಡನ್ನಿನ ಬಂದೂಕು ತಯಾರಕರ ಸಂಘಕ್ಕೆ ಸನದು ಸಿಕ್ಕಿದ್ದು 1637ರಲ್ಲಿ, ಬರ್ಮಿಂಗ್‌ಹ್ಯಾಮಿನ ಪರೀಕ್ಷಾಗೃಹ ಸ್ಥಾಪನೆಯಾದದ್ದು 1813ರಲ್ಲಿ. ತಯಾರಕ ತನ್ನ ಹೆಸರು ಹಾಕಲಿ ಬಿಡಲಿ, ಸಂಖ್ಯೆ ಕೊಡಲಿ ಬಿಡಲಿ, ಈ ಮುದ್ರೆ ಬಿದ್ದೇ ಬೀಳುತ್ತದೆ. ಕಾಲಕಾಲಕ್ಕೆ ನಿಯಮಗಳು ಬದಲಾದಂತೆ ಮುದ್ರೆಯ ಆಕಾರವೂ ಬದಲಾಗಿರುವುದರಿಂದ, ಸಂಖ್ಯೆಯಿಲ್ಲದ ಬಂದೂಕಿನ ಕಾಲವನ್ನು ತಿಳಿಯಲು ಇದಕ್ಕಿಂತ ಗಟ್ಟಿಯಾದ ಆಧಾರ ಇನ್ನೊಂದಿಲ್ಲ. ಲಿಯೇಜಿನ ಮುದ್ರೆಗೆ ಕಿರೀಟ ಸೇರಿದ್ದು 1893ರಲ್ಲಿ. ಹೀಗಾಗಿ ನಮ್ಮ ಬಂದೂಕು ಅದಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ. ವರ್ಷವನ್ನು ಸೂಚಿಸುವ ಅಕ್ಷರವನ್ನು ಒತ್ತುವ ಕ್ರಮ ಅಲ್ಲಿ 1922ರಲ್ಲಿ ಆರಂಭವಾಯಿತು. ಅಂಥ ಅಕ್ಷರ ನಮ್ಮ ಬಂದೂಕಿನಲ್ಲಿ ಇಲ್ಲ. ಹೊಗೆರಹಿತ ಮದ್ದಿನ ಪರೀಕ್ಷೆಯನ್ನು ಸೂಚಿಸುವ, ಸಿಂಹದ ಕೆಳಗೆ ಪಿ.ವಿ. ಎಂದಿರುವ ಮುದ್ರೆಯೂ ಇಲ್ಲ. ಹಿಡಿಮರದ ಕೆಳಗೆ ಮುಚ್ಚಿಹೋಗಿದ್ದ ಭಾಗದಲ್ಲಿ, ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹೆಣೆದು ಬೆಸೆದ ಡಮಾಸ್ಕಸ್ ನಳಿಗೆಯ ಸುರುಳಿ ವಿನ್ಯಾಸ ಸ್ಪಷ್ಟವಾಗಿ ಕಂಡಿತು. 1914ರ ಆಗಸ್ಟಿನಲ್ಲಿ ಲಿಯೇಜ್ ಜರ್ಮನ್ನರ ವಶವಾದ ಮೇಲೆ ಅಲ್ಲಿನ ಖಾಸಗಿ ಬಂದೂಕು ಉದ್ಯಮ ಬಹುಮಟ್ಟಿಗೆ ನಿಂತುಹೋಯಿತು. ಇಂಥ ನಳಿಗೆಗಳ ತಯಾರಿಕೆ ಯುದ್ಧದ ನಂತರ ಹಳೆಯ ಪ್ರಮಾಣಕ್ಕೆ ಮರಳಲೇ ಇಲ್ಲ.

ಈ ಎಲ್ಲವನ್ನೂ ಕೂಡಿಸಿ ವರದಿಯಲ್ಲಿ ಬರೆದಿರುವ ರೀತಿ ನನಗೆ ತುಂಬ ಮೆಚ್ಚುಗೆಯಾಯಿತು. 1893ಕ್ಕಿಂತ ಹಿಂದಿನದಲ್ಲ ಎಂಬುದನ್ನು ‘ಖಚಿತ’ ಎಂದೂ, 1922ಕ್ಕಿಂತ ಈಚಿನದಲ್ಲ ಎಂಬುದನ್ನು ‘ಬಹುಮಟ್ಟಿಗೆ ಖಚಿತ’ ಎಂದೂ, 1914ಕ್ಕಿಂತ ಮುಂಚಿನದು ಎಂಬುದನ್ನು ‘ಸಂಭವನೀಯ’ ಎಂದೂ ಬೇರೆಬೇರೆಯಾಗಿ ಗುರುತಿಸಿ, ಪ್ರತಿಯೊಂದಕ್ಕೂ ಯಾವ ಮುದ್ರೆ ಅಥವಾ ಯಾವ ಮುದ್ರೆಯ ಅಭಾವ ಆಧಾರವೆಂದು ತೋರಿಸಿದ್ದಾರೆ. ಹಳೆಯ ವಸ್ತುಗಳ ವ್ಯವಹಾರದಲ್ಲಿ ಒಂದೇ ಒಂದು ವರ್ಷವನ್ನು ಧೈರ್ಯವಾಗಿ ಹೇಳಿಬಿಡುವವರನ್ನು ಜನ ನಂಬುತ್ತಾರೆ. ಎರಡು ವರ್ಷಗಳ ನಡುವಿನ ಅವಧಿಯನ್ನು ಹೇಳಿ, ಅಲ್ಲಿಗೆ ನಿಲ್ಲಿಸುವ ಸಂಯಮ ಇರುವವರನ್ನೇ ನಂಬಬೇಕೆಂಬುದು ನನ್ನ ಅಭಿಪ್ರಾಯ, ಏಕೆಂದರೆ ಮುದ್ರೆಗಳು ಹೇಳುವುದು ಅವಧಿಯನ್ನೇ.

ಇನ್ನು 184ರ ವಿಷಯ. ಎಡ ನಳಿಗೆಯ ಕೆಳಗೆ 18.4 ಎಂಬ ಅಂಕಿ ಚುಕ್ಕೆಸಹಿತ ಸ್ಪಷ್ಟವಾಗಿತ್ತು. ಬಲ ನಳಿಗೆಯಲ್ಲಿ ಅದೇ ಅಂಕಿಯ ಚುಕ್ಕೆ ಸವೆದುಹೋಗಿತ್ತು. ಅದು ಮಿಲಿಮೀಟರ್ ಲೆಕ್ಕದಲ್ಲಿ ನಳಿಗೆಯ ಒಳವ್ಯಾಸ. ಒಂದು ಪೌಂಡ್ ಸೀಸದಿಂದ ಒಂದೇ ಗಾತ್ರದ ಹನ್ನೆರಡು ಗುಂಡು ಮಾಡಿದರೆ ಒಂದು ಗುಂಡಿನ ವ್ಯಾಸ ಎಷ್ಟೋ ಅಷ್ಟು ಅಗಲದ ನಳಿಗೆಗೆ 12 ಬೋರ್ ಎನ್ನುತ್ತಾರೆ. ಅದು ಸುಮಾರು 18.5 ಮಿಲಿಮೀಟರ್ ಆಗುತ್ತದೆ. ಎಷ್ಟೋ ದಶಕಗಳ ಹಿಂದೆ ಯಾರೋ ಬಲ ನಳಿಗೆಯನ್ನು ನೋಡಿ ವ್ಯಾಸವನ್ನೇ ಸಂಖ್ಯೆಯೆಂದು ಬರೆದುಕೊಂಡಿದ್ದರು, ಮುಂದಿನವರೆಲ್ಲ ಪ್ರತಿ ನವೀಕರಣದಲ್ಲಿಯೂ ಅದನ್ನೇ ನಕಲು ಮಾಡುತ್ತಾ ಬಂದಿದ್ದರು. ಹಳೆಯ ಇಂಗ್ಲಿಷ್ ಬಂದೂಕುಗಳಲ್ಲಿಯೂ ಇದೇ ತೊಡಕು ಆಗುತ್ತದೆಂದು ಮಿಸ್ತ್ರಿಯವರು ವಿವರಿಸಿದರು: 12 ಬೋರ್ ಬಂದೂಕಿನ ನಳಿಗೆಯ ಕೆಳಗೆ 13 ಎಂದು ಇರಬಹುದು, 13ರ ಕೆಳಗೆ 1 ಎಂದೂ ಇರಬಹುದು, ಅವು ಒಳವ್ಯಾಸವನ್ನು ಸೂಕ್ಷ್ಮವಾಗಿ ಹೇಳುವ ಗುರುತುಗಳೇ ಹೊರತು ಸಂಖ್ಯೆಗಳಲ್ಲ. ಹಿಡಿಮರದ ಕಬ್ಬಿಣ, ನಳಿಗೆಯ ಕೊಂಡಿ ಮತ್ತು ದೇಹಭಾಗ ಮೂರರಲ್ಲಿಯೂ 27 ಎಂಬ ಚಿಕ್ಕ ಅಂಕಿ ಕಂಡಾಗ ನಾನು ಅದೇ ಸಂಖ್ಯೆ ಇರಬಹುದೇ ಎಂದು ಕೇಳಿದೆ. ಕಾರ್ಖಾನೆಯಲ್ಲಿ ಕೈಯಿಂದ ಕೂಡಿಸಿದ ಭಾಗಗಳು ಒಂದರೊಡನೊಂದು ಬೆರೆತುಹೋಗದಂತೆ ಕೆಲಸಗಾರರು ಹಾಕಿಕೊಳ್ಳುತ್ತಿದ್ದ ಜೋಡಣೆಯ ಗುರುತು ಅದು. ಮೂರೂ ಕಡೆ ಒಂದೇ ಆಗಿರುವುದರಿಂದ ನಮ್ಮ ಬಂದೂಕಿನ ಮುಖ್ಯ ಭಾಗಗಳು ಮೊದಲಿನಿಂದಲೂ ಒಟ್ಟಿಗೇ ಇವೆ ಎಂಬುದಕ್ಕೆ ಅದು ಸಾಕ್ಷಿ. ಸಂಖ್ಯೆಯನ್ನು ಅಳಿಸಿದ ಕುರುಹು ಇದೆಯೇ ಎಂದು ಟ್ರಿಗರ್ ಕಾವಲಿನ ಬಾಲ, ದೇಹದ ಚಪ್ಪಟೆ ಭಾಗ, ಕುಂದದ ತುದಿಯ ತಗಡಿನ ಒಳಬದಿ ಎಲ್ಲವನ್ನೂ ಭೂತಗನ್ನಡಿಯಲ್ಲಿ ನೋಡಿ, ಮೂಲ ಕೆತ್ತನೆಯ ಗೆರೆಗಳು ಎಲ್ಲಿಯೂ ಕಡಿದುಹೋಗಿಲ್ಲ, ಲೋಹದ ಮಟ್ಟ ಎಲ್ಲಿಯೂ ತಗ್ಗಿಲ್ಲ ಎಂದು ಬರೆದರು. ಪರವಾನಗಿಯ ದೃಷ್ಟಿಯಿಂದ ನಮಗೆ ಎಲ್ಲಕ್ಕಿಂತ ಮುಖ್ಯವಾದ ವಾಕ್ಯ ಅದೇ.

ಪಟ್ಟಿಯ ಮೇಲಿನ ‘ಲಂಡನ್’ ಬಗ್ಗೆ ಕೊನೆಯಲ್ಲಿ ಮಾತಾಡಿದರು. ಅಗ್ಗದ ಬೆಲ್ಜಿಯಂ ಬಂದೂಕುಗಳ ಮೇಲೆ ಇಂಗ್ಲಿಷ್ ಹೆಸರಿನ ಗೌರವಕ್ಕಾಗಿ ಇಂಥ ಪದಗಳನ್ನು ಬರೆಯುವುದು ಆಗಿನ ವ್ಯಾಪಾರದ ರೂಢಿಯಾಗಿತ್ತು. ಪಟ್ಟಿಯ ಮೇಲಿನ ಹೆಸರು ಅನೇಕ ಸಲ ಮಾರಿದವರದು, ಮಾಡಿದವರದಲ್ಲ. ಕಲ್ಕತ್ತೆಯ ಮ್ಯಾಂಟನ್, ರೊಡ್ಡಾ ಮುಂತಾದ ಕಂಪನಿಗಳು ಬೇರೆಡೆ ತಯಾರಾದ ಬಂದೂಕುಗಳ ಮೇಲೆ ತಮ್ಮ ಹೆಸರು ಹಾಕಿ ಮಾರುತ್ತಿದ್ದವು. ರೊಡ್ಡಾ ಎಂದಾಗ ನೆನಪಾಗುವುದು 1914ರ ಆಗಸ್ಟ್ 26ರ ಘಟನೆ: ಆ ಕಂಪನಿಗೆ ಬಂದಿದ್ದ 50 ಮೌಸರ್ ಪಿಸ್ತೂಲುಗಳನ್ನೂ 46,000 ತೋಟಾಗಳನ್ನೂ ಬಂಗಾಳದ ಕ್ರಾಂತಿಕಾರಿಗಳು ಸಾಗಿಸಿದರು. ಆ ಪಿಸ್ತೂಲುಗಳ ಸಂಖ್ಯೆಗಳೆಲ್ಲ ಕಂಪನಿಯ ದಾಖಲೆಯಲ್ಲಿದ್ದುದರಿಂದ, ಮುಂದೆ ಅಲ್ಲಲ್ಲಿ ಸಿಕ್ಕ ಒಂದೊಂದು ಪಿಸ್ತೂಲನ್ನೂ ಅದೇ ಗುಂಪಿನದೆಂದು ಸರ್ಕಾರ ಗುರುತಿಸಬಲ್ಲದಾಯಿತು. ಸಂಖ್ಯೆ ಎಂಬುದು ಆಡಳಿತಕ್ಕೆ ಏಕೆ ಅಷ್ಟು ಮುಖ್ಯವೆಂಬುದು ಇಂಥಲ್ಲಿ ತಿಳಿಯುತ್ತದೆ. ಹಾಗೆಂದು ಸಂಖ್ಯೆಯಿಲ್ಲದ್ದೆಲ್ಲ ಕಳ್ಳಮಾಲೂ ಅಲ್ಲ. ಅಮೆರಿಕದಲ್ಲಿ ಎಲ್ಲ ಬಂದೂಕುಗಳಿಗೂ ಸಂಖ್ಯೆ ಕಡ್ಡಾಯವಾದದ್ದು 1968ರ ಕಾಯಿದೆಯಿಂದ. ಅದಕ್ಕೂ ಮೊದಲು 1934ರಿಂದ 1963ರವರೆಗೆ ತಯಾರಾದ ವಿಂಚೆಸ್ಟರ್ 67 ಮಾದರಿಯ .22 ರೈಫಲ್ಲುಗಳು ಸಾಮಾನ್ಯವಾಗಿ ಸಂಖ್ಯೆಯಿಲ್ಲದೆಯೇ ಕಾರ್ಖಾನೆಯಿಂದ ಹೊರಬಂದವು.

ಸೋದರಮಾವನ ಕೇಪಿನ ಬಂದೂಕಿನ ಕಥೆ ಬೇರೆ. ಕಾಡುಹಂದಿಗಳಿಂದ ಬೆಳೆ ಕಾಯಲು ಪರವಾನಗಿ ಪಡೆದ ಒಂಟಿನಳಿಗೆಯ, ಬಾಯಿಂದ ಮದ್ದು ತುಂಬುವ ಬಂದೂಕು ಅದು. ಅದರ ಲಾಕಿನ, ಅಂದರೆ ಮದ್ದು ಹೊತ್ತಿಸುವ ಯಂತ್ರಭಾಗದ, ಮೇಲೆ ಕಿರೀಟ, ‘ಟವರ್’ (ಲಂಡನ್ನಿನ ಟವರ್ ಶಸ್ತ್ರಾಗಾರ) ಎಂಬ ಅಕ್ಷರಗಳು ಮತ್ತು 1861 ಎಂಬ ಇಸವಿ ಇದ್ದುದರಿಂದ ಇಡೀ ಬಂದೂಕು ಆ ವರ್ಷದ್ದೆಂದು ಎಲ್ಲರೂ ತಿಳಿದಿದ್ದರು. ಲಾಕಿನ ಅಕ್ಷರಗಳ ತಳ ಸಮನಾಗಿದೆ, ಆಳ ಒಂದೇ ಸಮ ಇದೆ, ಅಂದರೆ ಅವು ಅಚ್ಚಿನಿಂದ ಒತ್ತಿದವು. ನಕಲಿ ಲಾಕುಗಳಲ್ಲಿ ಅವನ್ನು ಉಳಿಯಿಂದ ಕಡಿದಿರುತ್ತಾರಾದ್ದರಿಂದ ತಳದಲ್ಲಿ ಉಳಿಯ ಮೆಟ್ಟಿಲುಗಳು ಕಾಣುತ್ತವೆ. ಆದ್ದರಿಂದ ಲಾಕು ನಿಜವಾದ ಬ್ರಿಟಿಷ್ ಸೈನ್ಯದ್ದೇ. ಆದರೆ ನಳಿಗೆ ಅದರದ್ದಲ್ಲ. ಆ ಕಾಲದ ಬ್ರಿಟಿಷ್ ಸೈನ್ಯದ ಬಂದೂಕಾದ 1853ರ ಎನ್‌ಫೀಲ್ಡ್ ಮಾದರಿಯ ನಳಿಗೆ ದುಂಡಗಿರುತ್ತದೆ, 39 ಅಂಗುಲ ಉದ್ದವಿರುತ್ತದೆ, .577 ಅಂಗುಲದ ಒಳವ್ಯಾಸವಿದ್ದು ಒಳಗೆ ತಿರುವುಗೆರೆಗಳಿರುತ್ತವೆ. ಇದರದ್ದು ಬುಡದಲ್ಲಿ ಎಂಟುಮೂಲೆ, ಒಳಗೆ ನುಣುಪು, ಬಾಯಿಯ ವ್ಯಾಸಕ್ಕೂ ಬುಡದ ವ್ಯಾಸಕ್ಕೂ ಹೊಂದಿಕೆಯಿಲ್ಲ, ಮೈಮೇಲೆ ಉದ್ದಕ್ಕೂ ಕುಲುಮೆಯ ಬೆಸುಗೆಯ ಸಣ್ಣ ಗೆರೆ. ಯಾವ ಪರೀಕ್ಷಾಗೃಹದ ಮುದ್ರೆಯೂ ಇಲ್ಲ. ಅಂದರೆ ನಮ್ಮ ನಾಡಿನ ಕಮ್ಮಾರನೊಬ್ಬ ಮಾಡಿದ ನಳಿಗೆಗೆ, ಸೈನ್ಯದಿಂದ ವಿಲೇವಾರಿಯಾದ ಲಾಕನ್ನು ಕೂಡಿಸಿ ಕಟ್ಟಿದ ಬಂದೂಕು ಅದು. ಲಾಕು ಕೂರುವ ಕಡೆ ಕುಂದದ ಮರವನ್ನು ಎರಡು ಸಲ ಕೊರೆದಿರುವುದನ್ನೂ ತೋರಿಸಿದರು. ಇಂಥ ಬಂದೂಕಿಗೆ ಒಂದು ವಯಸ್ಸಿರುವುದಿಲ್ಲ, ಭಾಗಕ್ಕೊಂದು ವಯಸ್ಸಿರುತ್ತದೆ; ಇಡೀ ಜೋಡಣೆ 1861ಕ್ಕಿಂತ ಹಿಂದಿನದಲ್ಲ ಎಂಬಷ್ಟನ್ನೇ ವರದಿ ಹೇಳುತ್ತದೆ. 1857ರ ನಿಶ್ಶಸ್ತ್ರೀಕರಣದ ಆಜ್ಞೆಗೆ ಹಲಗಲಿಯ ಬೇಡರು ತಲೆಬಾಗದೆ ಹೋರಾಡಿದ ನಾಡು ನಮ್ಮದು. ಆಯುಧಗಳನ್ನು ಕಸಿದುಕೊಂಡ ಆ ಕಾಲದ ನಂತರವೂ ಹಳ್ಳಿಯ ಕುಲುಮೆಗಳ ಕೈಚಳಕ ಉಳಿದುಬಂದಿತ್ತೆಂಬುದಕ್ಕೆ ಈ ಬಂದೂಕು ಕಣ್ಣಮುಂದಿನ ಪುರಾವೆಯೆಂದು ನನಗೆ ಅನ್ನಿಸಿತು, ಮಾವನಿಗೂ ಅದು ‘ವಿಲಾಯತಿ’ ಅಲ್ಲವೆಂಬ ಬೇಸರ ಆಗಲಿಲ್ಲ.

ಮುದ್ರೆಗಳನ್ನು ಓದುವಾಗ ಅತ್ಯಂತ ಈಚಿನ ಗುರುತನ್ನು ಹುಟ್ಟಿದ ವರ್ಷವೆಂದು ತಿಳಿಯಬಾರದೆಂಬ ಎಚ್ಚರವನ್ನೂ ಮಿಸ್ತ್ರಿಯವರು ಹೇಳಿದರು. ಬರ್ಮಿಂಗ್‌ಹ್ಯಾಮಿನಲ್ಲಿ 1904ರಿಂದ ಕಿರೀಟದ ಕೆಳಗೆ ಬಿ.ವಿ., ಬಿ.ಪಿ. ಎಂಬ ಅಕ್ಷರಗಳೂ 1954ರಿಂದ ಬಿ.ಎನ್.ಪಿ. ಎಂಬ ಅಕ್ಷರಗಳೂ ಬಳಕೆಗೆ ಬಂದವು. ಹತ್ತೊಂಬತ್ತನೆಯ ಶತಮಾನದ ನಳಿಗೆಯೊಂದರ ಮೇಲೆ ಹಳೆಯ ಮುದ್ರೆಯ ಪಕ್ಕದಲ್ಲಿಯೇ 1954ರ ನಂತರದ ಮುದ್ರೆ ಇದ್ದರೆ, ಅದನ್ನು ಮುಂದೊಮ್ಮೆ ಮರುಪರೀಕ್ಷೆ ಮಾಡಿಸಿದ್ದಾರೆ ಎಂದಷ್ಟೇ ಅರ್ಥ. ವಿಜಯಪುರದ ಶೇರ್ಜಾ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ತೋಪನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಅದನ್ನು 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದ ಮುಹಮ್ಮದ್ ಬಿನ್ ಹಸನ್ ರೂಮಿಯ ಹೆಸರು ಅದರ ಮೇಲಿದೆ, 1686ರಲ್ಲಿ ಬಿಜಾಪುರವನ್ನು ಗೆದ್ದ ಔರಂಗಜೇಬ ಬರೆಸಿದ ಶಾಸನವೂ ಅದೇ ತೋಪಿನ ಮೇಲಿದೆ. ಎರಡನೆಯದನ್ನು ಮಾತ್ರ ಓದಿದವರು ತೋಪಿನ ವಯಸ್ಸಿನಲ್ಲಿ ಸುಮಾರು 137 ವರ್ಷ ಕಳೆದುಬಿಡುತ್ತಾರೆ. ಈಸ್ಟ್ ಇಂಡಿಯಾ ಕಂಪನಿಯ ಬಂದೂಕುಗಳ ಮೇಲಿನ ಹೃದಯಾಕಾರದ ಗುರುತು, ಸುಮಾರು 1808ರಿಂದ ಅದರ ಸ್ಥಾನಕ್ಕೆ ಬಂದ ನಿಂತ ಸಿಂಹದ ಗುರುತು, ರಾಣಿ ವಿಕ್ಟೋರಿಯಾಳ ಹೆಸರನ್ನು ಸೂಚಿಸುವ ವಿ.ಆರ್., 1901ರ ನಂತರದ ದೊರೆ ಎಡ್ವರ್ಡನ ಇ.ಆರ್., 1910ರ ನಂತರದ ದೊರೆ ಜಾರ್ಜನ ಜಿ.ಆರ್. ಇವುಗಳ ಚಿತ್ರಗಳನ್ನು ಒಂದು ಹಳೆಯ ಕಡತದಲ್ಲಿ ಅಂಟಿಸಿ ಇಟ್ಟುಕೊಂಡಿದ್ದಾರೆ. ಬಂದವರಿಗೆ ತಾಳ್ಮೆಯಿಂದ ತೋರಿಸುತ್ತಾರೆ.

ಅಂಗಡಿಯ ಕೆಲಸದ ಶಿಸ್ತಿನ ಬಗ್ಗೆ ಎರಡು ಮಾತು ಹೇಳಲೇಬೇಕು. ಪರಿಶೀಲನೆಗೆ ಮುಂಚೆ ಅವರು ಏನನ್ನೂ ತಿಕ್ಕುವುದಿಲ್ಲ. ಫೋನ್ ಮಾಡಿದಾಗಲೇ “ತಿಕ್ಕಬ್ಯಾಡ್ರಿ, ಎಣ್ಣಿ ಸೈತ ಹಚ್ಚಬ್ಯಾಡ್ರಿ, ಹ್ಯಾಂಗ ಐತೋ ಹಂಗ ತರ್ರಿ” ಎಂದಿದ್ದರು. ಈ ಮಾತಿನ ಬೆಲೆ ನಮ್ಮ ಬಂಧುಗಳೊಬ್ಬರ ಬಂದೂಕಿನಿಂದ ನನಗೆ ಚೆನ್ನಾಗಿ ಗೊತ್ತು. ಬೇರೊಂದು ಊರಿನ ದುರಸ್ತಿಗಾರರು ಹೊಳಪು ಕೊಡುವ ಭರದಲ್ಲಿ ಅದರ ನಳಿಗೆಯನ್ನು ಎಮರಿ ಚಕ್ರಕ್ಕೆ ಹಿಡಿದು ಮುದ್ರೆಗಳನ್ನೆಲ್ಲ ಸವೆಸಿದರು, ಈಗ ಅದು ಎಲ್ಲಿಯದೆಂದು ಯಾರೂ ಹೇಳಲಾರರು. ಮೇಲಾಗಿ ಗುರುತು ಅಳಿಸಿದ ಅನುಮಾನವೂ ಅದರ ಮೇಲೆ ಬಂದಿದೆ. ಎರಡನೆಯದು, ಪರವಾನಗಿ ಪ್ರಾಧಿಕಾರದ ಲಿಖಿತ ಆದೇಶವಿಲ್ಲದೆ ಯಾವ ಬಂದೂಕಿನ ಮೇಲೂ ಹೊಸ ಸಂಖ್ಯೆ ಒತ್ತುವುದಿಲ್ಲವೆಂದು ಕಡ್ಡಿ ಮುರಿದಂತೆ ಹೇಳುತ್ತಾರೆ. ನಾವಿದ್ದಾಗಲೇ ಬಂದಿದ್ದ ಒಬ್ಬರು ‘ಏನಾದರೂ ಒಂದು ನಂಬರ್ ಹಾಕಿಕೊಡಿ, ಖಾನೆ ತುಂಬಿದರೆ ಸಾಕು’ ಎಂದು ಎಷ್ಟು ಒತ್ತಾಯಿಸಿದರೂ ಒಪ್ಪಲಿಲ್ಲ. ಬೆಲೆ ಕಟ್ಟುವುದಿಲ್ಲ, ಹಾರಿಸಲು ಸುರಕ್ಷಿತವೇ ಎಂಬುದಕ್ಕೆ ಭರವಸೆಯನ್ನೂ ಕೊಡುವುದಿಲ್ಲ. ನಮ್ಮ ಡಮಾಸ್ಕಸ್ ನಳಿಗೆಯಲ್ಲಿ ಇಂದಿನ ಹೊಗೆರಹಿತ ಮದ್ದಿನ ತೋಟಾಗಳನ್ನು ಎಂದಿಗೂ ಹಾಕಬಾರದೆಂದು ಮಾತ್ರ ವರದಿಯಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದಾರೆ.

ಕೊರತೆಗಳೂ ಇವೆ. ವರದಿ ಸಂಪೂರ್ಣವಾಗಿ ಇಂಗ್ಲಿಷಿನಲ್ಲಿದೆ. ಇಲ್ಲಿಗೆ ಬರುವವರಲ್ಲಿ ಹೆಚ್ಚಿನವರು ರೈತರು. ತಮ್ಮ ಮನೆಯ ವಸ್ತುವಿನ ಬಗ್ಗೆ ಬರೆದುದನ್ನು ಬೇರೆಯವರಿಂದ ಓದಿಸಿಕೊಳ್ಳುವ ಸ್ಥಿತಿ ಅವರಿಗೆ ಬರಬಾರದು. ಕನ್ನಡದಲ್ಲಿ ಒಂದು ಪುಟದ ಸಾರಾಂಶವನ್ನಾದರೂ ಸೇರಿಸಬೇಕೆಂದು ಅವರಿಗೆ ಹೇಳಿದ್ದೇನೆ, ಇಲ್ಲಿಯೂ ಒತ್ತಿ ಹೇಳುತ್ತೇನೆ. ಮುದ್ರೆಗಳ ಛಾಯಾಚಿತ್ರಗಳು ಕಪ್ಪು-ಬಿಳುಪಿನ ನಕಲು ಯಂತ್ರದಲ್ಲಿ ಮಸುಕಾಗಿವೆ. ಓರೆಬೆಳಕಿನಲ್ಲಿ ಅಷ್ಟು ಶ್ರಮಪಟ್ಟು ಕಂಡುಕೊಂಡದ್ದು ಕಾಗದದ ಮೇಲೆ ಕಾಣದೆ ಹೋಗುತ್ತದೆ. ಕೈಯಿಂದ ಬಿಡಿಸಿದ ರೇಖಾಚಿತ್ರಗಳು ಮಾತ್ರ ಅಳತೆಸಹಿತ ಚೊಕ್ಕವಾಗಿವೆ. ಶುಲ್ಕವನ್ನು ಕೆಲಸ ಹಿಡಿಯುವ ಮೊದಲೇ ಹೇಳುತ್ತಾರೆ, ಅದು ನ್ಯಾಯವಾಗಿಯೇ ಇದೆ. ಆದರೆ ಗೋಡೆಯ ಮೇಲೆ ದರಪಟ್ಟಿ ಇಲ್ಲ. ಎಲ್ಲವನ್ನೂ ಒಬ್ಬರೇ ನೋಡುವುದರಿಂದ ವರದಿ ಕೈಗೆ ಬರಲು ವಾರಗಟ್ಟಲೆ ಕಾಯಬೇಕು. ನವೀಕರಣದ ಗಡುವು ಹತ್ತಿರವಿರುವವರು ಇದನ್ನು ಗಮನದಲ್ಲಿಟ್ಟುಕೊಳ್ಳಬೇಕು.

ವರದಿಯ ಮಿತಿಯನ್ನೂ ತಿಳಿದಿರುವುದು ಒಳ್ಳೆಯದು. ಹಳೆಯ ಮಾದರಿಯ, ಪುರಾತನ ಮೌಲ್ಯದ ಅಥವಾ ಕೆಟ್ಟುಹೋದ ಆಯುಧವೊಂದು ದುರಸ್ತಿ ಮಾಡಿದರೂ ಮಾಡದಿದ್ದರೂ ಬಂದೂಕಾಗಿ ಬಳಕೆಗೆ ಬಾರದ ಸ್ಥಿತಿಯಲ್ಲಿದ್ದರೆ ಮಾತ್ರ ಕಾಯಿದೆಯ 45ನೆಯ ಕಲಮಿನ ವಿನಾಯಿತಿ ಅನ್ವಯಿಸುತ್ತದೆ. ಬಂದೂಕಿಗೆ ನೂರು ವರ್ಷ ದಾಟಿದೆ ಎಂಬುದೊಂದರಿಂದಲೇ ಪರವಾನಗಿ ಬೇಡವಾಗುವುದಿಲ್ಲ. ನಮ್ಮ ಎರಡೂ ಬಂದೂಕುಗಳಿಗೆ ಪರವಾನಗಿ ಬೇಕೇ ಬೇಕು. ಅಂತಿಮ ತೀರ್ಮಾನ ಪರವಾನಗಿ ಪ್ರಾಧಿಕಾರದ್ದು, ಅಗತ್ಯಬಿದ್ದರೆ ವಿಧಿವಿಜ್ಞಾನ ಪ್ರಯೋಗಾಲಯದ ತಜ್ಞರದ್ದು. ಅಂಗಡಿಯ ವರದಿ ಅವರ ಮುಂದೆ ಇಡಬಹುದಾದ ಒಂದು ಪೂರಕ ಕಾಗದವೆಂದು ವರದಿಯ ಮೊದಲ ಪುಟದಲ್ಲಿಯೇ ನಮೂದಿಸಿದ್ದಾರೆ. 184 ಎಂಬ ನಮೂದನ್ನು ತಿದ್ದಬೇಕೆಂಬ ವಿನಂತಿಯೊಂದಿಗೆ ನಾವು ಅದನ್ನು ನಮ್ಮ ಅರ್ಜಿಗೆ ಲಗತ್ತಿಸಿದ್ದೇವೆ.

ಹೋಗಬೇಕೆನ್ನುವವರು ಬಂದೂಕನ್ನು ಹಿಡಿದುಕೊಂಡು ನೇರವಾಗಿ ಹೊರಡಬಾರದು. ಮೊದಲು ಪರವಾನಗಿಯ ಎಲ್ಲ ಪುಟಗಳ ಪ್ರತಿ, ಮನೆಯಲ್ಲಿರುವ ಹಳೆಯ ರಸೀದಿ ಮತ್ತು ಹಿಂದಿನ ಪರವಾನಗಿ ಪುಸ್ತಕಗಳನ್ನು ಮಾತ್ರ ಒಯ್ದು ತೋರಿಸಿದರೆ, ಪರಿಶೀಲನೆಯಿಂದ ಪ್ರಯೋಜನವಿದೆಯೇ ಇಲ್ಲವೇ ಎಂಬುದನ್ನು ಶುಲ್ಕವಿಲ್ಲದೆ ಹೇಳುತ್ತಾರೆ. ಪರವಾನಗಿದಾರರು ತೀರಿಕೊಂಡಿದ್ದರೆ ಬಂದೂಕನ್ನು ಮೊದಲು ಠಾಣೆಯಲ್ಲಾಗಲಿ ಪರವಾನಗಿ ಪಡೆದ ಅಂಗಡಿಯಲ್ಲಾಗಲಿ ಠೇವಣಿ ಇಟ್ಟು ರಸೀದಿ ಪಡೆದಿರಬೇಕು. ಆ ರಸೀದಿ ಇಲ್ಲದೆ ಇವರು ಬಂದೂಕನ್ನು ಮುಟ್ಟುವುದೇ ಇಲ್ಲ.